ಮೈಕಿನಲ್ಲಿ ಹೇಳಬಾರದ್ದು

ಈ ಸಂಜೆಯ ಅಧ್ಯಕ್ಷರೂ ನಮ್ಮ ಥೀಮ್ ಪಾರ್ಕಿನ ಮಾಲೀಕರೂ ಆದ ಶ್ರೀ ವೀರೇಂದ್ರ ಅವರೇ, ಹಾವೇರಿಯಿಂದ ಬಂದು ಈ ವೇದಿಕೆಗೆ ಕಳೆ ತಂದಿರುವ ಮುಖ್ಯ ಅತಿಥಿಗಳು, ನಿವೃತ್ತ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಭಾಗೀರಥೀಬಾಯಿ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ನಮ್ಮ ಪಾರ್ಕಿಂಗ್ ವಿಭಾಗದ ಶ್ರೀ ದುರಗಪ್ಪನವರೇ, ಅವರ ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ಕುಳಿತಿರುವ ಅವರ ಧರ್ಮಪತ್ನಿ ಗುತ್ತೆವ್ವನವರೇ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಿಂದ ಬಿಡುವು ಮಾಡಿಕೊಂಡು ಬಂದ ಸಭಿಕರೇ, ತಿರುಗುವ ತೊಟ್ಟಿಲು ನಿಲ್ಲಿಸಿ, ಪುಟಾಣಿ ರೈಲು ನಿಲ್ಲಿಸಿ ಬಂದು ಗೋಡೆಗೆ ಒರಗಿ ನಿಂತಿರುವ ನನ್ನ ಸಹೋದ್ಯೋಗಿಗಳೇ,

ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಸನ್ಮಾನಿತರ ಪರಿಚಯ, ಎರಡು ನಿಮಿಷ" ಎಂದು ಅಚ್ಚಾಗಿದೆ. ವೀರೇಂದ್ರ ಅವರು ವೇದಿಕೆ ಹತ್ತುವಾಗ ನನ್ನ ಕಿವಿಯಲ್ಲಿ, "ರುದ್ರಮುನಿಯವರ, ಎರಡಂದ್ರ ಎರಡ ನಿಮಿಷ. ಹೆಚ್ಚಾದ್ರ ನಾ ಕರೆಂಟ್ ತಗಸ್ತೇನಿ ನೋಡ್ರಿ" ಅಂದರು. ತೆಗೆಸಲಿ. ಮೈಕಿಲ್ಲದೆಯೂ ಕೊನೆಯ ಸಾಲಿನವರೆಗೆ ಕೇಳಿಸುವ ಗಂಟಲು ನನ್ನದು. ಆ ಗಂಟಲಿನ ಬಗ್ಗೆಯೇ ನಾನು ಇವತ್ತು ಸ್ವಲ್ಪ ಮಾತಾಡಬೇಕಾಗಿದೆ. ಅದನ್ನು ಬಿಟ್ಟು ದುರಗಪ್ಪನವರ ಪರಿಚಯ ಮಾಡಿಕೊಡಲು ನನಗೆ ಸಾಧ್ಯವಿಲ್ಲ.

ನನ್ನ ಮುಖ ಗೊತ್ತಿರದವರಿಗೂ ದನಿ ಗೊತ್ತಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹದಿನೆಂಟು ವರ್ಷ ಮೈಕಿನ ಮುಂದೆ ಕುಳಿತು ಲಾಟ್ ನಂಬರು, ರೈತರ ಹೆಸರು ಓದಿದವನು ನಾನು. ಘಾಟಿಗೆ ಖರೀದಿದಾರರೆಲ್ಲ ಕೆಮ್ಮಿ ಕೆಮ್ಮಿ ಕೂರುತ್ತಿದ್ದರು, ನನ್ನ ದನಿ ಒಂದು ದಿನವೂ ಒಡೆಯಲಿಲ್ಲ. ಸಂಜೆಯಾದರೆ ಕುಸ್ತಿ, ಮದುವೆ, ರಕ್ತದಾನ ಶಿಬಿರ, ಶಾಲಾ ವಾರ್ಷಿಕೋತ್ಸವ. ಯಾರದಾದರೂ ಎಮ್ಮೆ ತಪ್ಪಿಸಿಕೊಂಡರೆ ಅದಕ್ಕೂ ನಾನೇ. ಮೈಕಿನಲ್ಲಿ ಹೆಸರು ಬಂದರೆ ಮನುಷ್ಯನಿಗೆ ಮರ್ಯಾದೆ ಸಿಕ್ಕಂತೆ ಎಂದು ನಾನು ನಂಬಿದ್ದೆ. ನಮ್ಮ ಕಡೆ ಯಾರು ನಂಬಿಲ್ಲ ಹೇಳಿ? ಹೆಸರು ಬಿಟ್ಟುಹೋಯಿತೆಂದು ಮದುವೆ ಊಟ ಬಿಟ್ಟು ಎದ್ದು ಹೋದ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಅವರ ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಮತ್ತೆ ಸಿಟ್ಟಾಗುತ್ತಾರೇನೋ.

ಎರಡು ವರ್ಷದ ಹಿಂದೆ ಹೆದ್ದಾರಿ ಬದಿಯಲ್ಲಿ ಈ ಪಾರ್ಕ್ ಆಯಿತು. ವೀರೇಂದ್ರ ಅವರು ನನಗೆ ಸ್ವಾಗತ ವಿಭಾಗ ವಹಿಸಿದರು. ಗೇಟಿನ ಮೇಲಿನ ಗಾಜಿನ ಕೋಣೆ, ಒಂದು ಮೈಕು, ಪಾರ್ಕಿನ ತುಂಬ ಹದಿನಾಲ್ಕು ಸ್ಪೀಕರು. ಇನ್ನೇನು ಬೇಕು? ಮೊದಲ ವಾರವೇ ನಾನೊಂದು ನಿಯಮ ಮಾಡಿದೆ. ನಡೆದಾಡಲು ತೊಂದರೆ ಇರುವವರು ಯಾರಾದರೂ ವಾಹನದಿಂದ ಇಳಿದರೆ ಪಾರ್ಕಿಂಗಿನವರು ಕೂಡಲೇ ವಾಕಿಟಾಕಿಯಲ್ಲಿ ನನಗೆ ತಿಳಿಸಬೇಕು. ನಾನು ಘೋಷಣೆ ಮಾಡುತ್ತೇನೆ: "ಪ್ರಿಯ ಪ್ರವಾಸಿಗರೇ, ನಡೆಯಲಾಗದ ಸಹೋದರಿಯೊಬ್ಬರು ನಮ್ಮ ಪಾರ್ಕಿಗೆ ಆಗಮಿಸಿದ್ದಾರೆ. ದಯವಿಟ್ಟು ಎರಡೂ ಬದಿಗೆ ಸರಿದು ದಾರಿ ಬಿಡಿ. ಜೋರಾದ ಚಪ್ಪಾಳೆಯೊಂದಿಗೆ ಅವರನ್ನು ಸ್ವಾಗತಿಸಿ!" ಅಷ್ಟರಲ್ಲಿ ನಾಲ್ಕು ಜನ ಗಾಲಿ ಕುರ್ಚಿ ತಳ್ಳಿಕೊಂಡು ಓಡಬೇಕು. ಕುರ್ಚಿಗೆ ಚೆಂಡುಹೂವಿನ ಮಾಲೆ, ಎರಡು ಬಲೂನು. ಬೆನ್ನಿಗೆ, ಅದನ್ನು ದಾನ ಕೊಟ್ಟವರ ಹೆಸರು ಕೆಂಪಕ್ಷರದಲ್ಲಿ.

ನಗಬೇಡಿ. ನಾನು ಇದನ್ನು ಪ್ರೀತಿಯಿಂದಲೇ ಮಾಡಿದೆ. ಮನೆಗೆ ಬಂದವರನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವ ಮಂದಿಯೇ ನಾವು?

ನಮ್ಮ ಮುಖ್ಯ ಅತಿಥಿಗಳು ಆ ಮೊದಲ ತಿಂಗಳಲ್ಲೇ ಮೊಮ್ಮಗಳ ಜೊತೆ ಬಂದಿದ್ದರು. ಮೊಳಕಾಲು ನೋವು, ಕೈಯಲ್ಲಿ ಕೋಲು. ನಾನು ಬಿಟ್ಟೆನೇ? ಚಪ್ಪಾಳೆಯ ನಡುವೆ ಅವರನ್ನು ಹೂವಿನ ಕುರ್ಚಿಯಲ್ಲಿ ಕೂರಿಸಿದರು. ಬಾಯಿಯವರು ಸುತ್ತ ಒಮ್ಮೆ ನೋಡಿ, "ಎಲ್ಲಾ ಸರಿ ಅದ, ಶಾಲು ಎಲ್ಲದಪಾ?" ಅಂದರಂತೆ. ನನಗೆ ಯಾರೋ ಬಂದು ಹೇಳಿದಾಗ ಅದನ್ನು ಮೆಚ್ಚುಗೆ ಎಂದೇ ತಿಳಿದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಅವತ್ತು ಬಾಯಿಯವರು ಪುಟಾಣಿ ರೈಲು ಹತ್ತದೆ, ಅರ್ಧ ಗಂಟೆಯಲ್ಲಿ ಮನೆಗೆ ಹೋಗಿದ್ದರು. ಅದನ್ನು ಮಾತ್ರ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಥವರು ಎಷ್ಟು ಜನ ಬಂದರೆಂದು ನಾನೊಂದು ರಿಜಿಸ್ಟರ್ ಇಟ್ಟಿದ್ದೆ. ಮೊದಲ ತಿಂಗಳು ಹನ್ನೊಂದು. ಆಮೇಲೆ ನಾಲ್ಕು. ಆಮೇಲೆ ಒಂದು. ಆಮೇಲೆ ಏಳು ತಿಂಗಳು ಸೊನ್ನೆ. ವಾರ್ಷಿಕ ವರದಿಯಲ್ಲಿ ನಾನು ಏನು ಬರೆದೆ ಗೊತ್ತೇ? "ನಮ್ಮ ಭಾಗದಲ್ಲಿ ನಡೆದಾಡಲಾಗದವರ ಸಂಖ್ಯೆ ಅತ್ಯಲ್ಪವಾಗಿರುವುದು ಹರ್ಷದ ಸಂಗತಿ." ಅಧ್ಯಕ್ಷರು ಅದನ್ನು ಓದಿ ಸಹಿ ಮಾಡಿದ್ದಾರೆ, ಹಾಗಾಗಿ ಅವರೂ ಈಗ ನಗುವಂತಿಲ್ಲ. ಗೇಟಿನ ಮೂರು ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿರಿ ಎಂದು ದುರಗಪ್ಪನವರು ಎರಡು ಸಲ ಕೇಳಿದ್ದರು. ಬರುವವರೇ ಇಲ್ಲ, ಕಟ್ಟಿಸಿ ಏನು ಮಾಡುವುದು ಎಂದು ಎರಡು ಸಲವೂ ಬೇಡವೆಂದವನು ನಾನು. ಆಗ ನಾನು ಅವರನ್ನು "ಏ ದುರಗಪ್ಪ" ಎಂದೇ ಕರೆಯುತ್ತಿದ್ದೆ.

ಈಗ ನನ್ನ ಮಗಳ ವಿಷಯ. ಹೆಸರು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದೇ ಇವತ್ತಿನ ಮಾತು. ಆಕೆ ರಾಣೆಬೆನ್ನೂರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಬುದ್ಧಿವಂತೆ. ಅಕ್ಷರ ಅಚ್ಚು ಹಾಕಿದ ಹಾಗೆ. ಏಳು ವರ್ಷದವಳಿದ್ದಾಗ ಶಾಲಾ ವಾರ್ಷಿಕೋತ್ಸವದಲ್ಲಿ ಅಕ್ಷರಕ್ಕೆ ಮೊದಲ ಬಹುಮಾನ ಬಂತು. ಮೈಕಿನ ಮುಂದೆ ಯಾರು? ನಾನೇ. ಉಳಿದ ಮಕ್ಕಳ ಹೆಸರು, ತರಗತಿ ಅಷ್ಟೇ ಓದಿದೆ. ಇವಳ ಸರದಿ ಬಂದಾಗ ಎರಡು ನಿಮಿಷ ಮಾತಾಡಿದೆ. ಏನೇನು ಹೇಳಿದೆ ಎಂದು ಇಲ್ಲಿ ಹೇಳುವುದಿಲ್ಲ. ಮುಂದಿನ ಸಾಲಿನ ತಾಯಂದಿರು ಕಣ್ಣೊರೆಸಿಕೊಂಡರು, ಶಾಮಿಯಾನ ಹಾರುವಂತೆ ಚಪ್ಪಾಳೆ ಬಿತ್ತು. ಮನೆಗೆ ಹೋಗುವಾಗ ಸೈಕಲ್ಲಿನ ಮುಂದೆ ಕುಳಿತವಳು ಕೇಳಿದಳು: "ಅಪ್ಪಾ, ಅವರು ನನ್ನ ಅಕ್ಷರಕ್ಕ ಚಪ್ಪಾಳಿ ಹೊಡದ್ರೊ, ಕಾಲಿಗೆ ಹೊಡದ್ರೊ?"

ಅಯ್ಯೋ. ಕಾಲಿನ ಮಾತು ಬಂದೇಬಿಟ್ಟಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಇರಲಿ, ಇನ್ನು ಮುಂದೆ ಬರುವುದಿಲ್ಲ.

ಏಳು ವರ್ಷದ ಮಗು ಅಂಥ ಪ್ರಶ್ನೆ ಕೇಳಿದರೆ ಅಪ್ಪನಾದವನು ಏನು ಮಾಡಬೇಕು? ಸೈಕಲ್ ನಿಲ್ಲಿಸಿ ಉತ್ತರ ಹೇಳಬೇಕು. ನಾನು ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ನನ್ನ ಮಗಳು ಎಷ್ಟು ಜಾಣೆ ನೋಡಿ ಎಂದು ಆ ಪ್ರಶ್ನೆಯನ್ನೇ ಇನ್ನೂ ಮೂರು ಸಮಾರಂಭಗಳಲ್ಲಿ ಮೈಕಿನಲ್ಲಿ ಹೇಳಿದೆ. ಅವಕ್ಕೂ ಚಪ್ಪಾಳೆ ಬಿತ್ತು.

ಕಳೆದ ವರ್ಷ, ಎರಡು ಸಾವಿರದ ಎಂಟನೆಯ ಇಸವಿಯ ಜನವರಿ ಇಪ್ಪತ್ತಾರು. ರಜೆಯ ದಿನ, ಪಾರ್ಕು ತುಂಬಿ ತುಳುಕುತ್ತಿತ್ತು. ದುರಗಪ್ಪನವರು ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಕರ್ಜಗಿಗೆ ಹೋಗಿದ್ದರು. ಅವರ ಜಾಗದಲ್ಲಿ ನಮ್ಮ ಶೇಖಪ್ಪ. ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಹನ್ನೊಂದು ಗಂಟೆಗೆ ವಾಕಿಟಾಕಿಯಲ್ಲಿ, "ಸಾಹೇಬ್ರ, ಟೆಂಪೋದಾಗಿಂದ ಒಬ್ಬಾಕಿ ಇಳದಾಳ್ರಿ. ಕೋಲು ಹಿಡದಾಳ" ಅಂದ. ಏಳು ತಿಂಗಳ ಸೊನ್ನೆಯ ಮೇಲೆ ಒಬ್ಬರು! ನಾನು ಖುಷಿಯಿಂದ ಎದ್ದು ನಿಂತೇ ಘೋಷಣೆ ಮಾಡಿದೆ. ಹದಿನಾಲ್ಕು ಸ್ಪೀಕರಿನಲ್ಲೂ ಮಾಡಿದೆ. ರಜೆಯ ಜನ, ಹುರುಪಿನ ಜನ. ಎರಡು ಸಾಲಾಗಿ ಸರಿದು ನಿಂತು ಚಪ್ಪಾಳೆ ತಟ್ಟಿದರು. ಹೂವಿನ ಕುರ್ಚಿ ಓಡಿತು. ನಾನು ಗಾಜಿನೊಳಗಿಂದ ಬಗ್ಗಿ ನೋಡಿದೆ. ಆ ಎರಡು ಸಾಲುಗಳ ಕೊನೆಗೆ ನಿಂತವಳು ನನ್ನ ಮಗಳು.

ಕಚೇರಿಯ ಗೆಳತಿಯರ ಜೊತೆ ಬಂದಿದ್ದಳು. ನನಗೆ ಹೇಳಿರಲಿಲ್ಲ. ದಾರಿಯುದ್ದಕ್ಕೂ ಟೆಂಪೋದಲ್ಲಿ, "ನಮ್ಮಪ್ಪ ಅಲ್ಲಿ ಮೈಕಿನ್ಯಾಗ ಮಾತಾಡತಾನ, ಕೇಳ್ರಿ ಎಷ್ಟ ಛಂದ ಮಾತಾಡತಾನ" ಎಂದು ಹೇಳಿಕೊಂಡು ಬಂದಿದ್ದಳಂತೆ. ಇದು ಆಮೇಲೆ ನನ್ನ ಹೆಂಡತಿ ಸುಶೀಲವ್ವ ಹೇಳಿ ಗೊತ್ತಾದದ್ದು. ಮಗಳು ಅವತ್ತು ನನ್ನ ಕಡೆ ನೋಡಲಿಲ್ಲ. ಕಂಬದ ಮೇಲಿನ ಸ್ಪೀಕರಿನ ಕಡೆ ನೋಡಿದಳು. ತಿರುಗಿ ಟೆಂಪೋ ಹತ್ತಿದಳು. ಗೆಳತಿಯರೂ ಒಬ್ಬೊಬ್ಬರಾಗಿ ಹತ್ತಿದರು. ಕುರ್ಚಿ ಖಾಲಿ ವಾಪಸು ಬಂತು. ಜನಕ್ಕೇನು ಗೊತ್ತು, ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಆಕೆ ಒಂದೇ ಮಾತು ಹೇಳಿದಳು: "ಅಪ್ಪಾ, ಇನ್ನ ನೀ ಎಲ್ಲೆಲ್ಲಿ ಮೈಕ್ ಹಿಡೀತಿ, ಅಲ್ಲಿ ನಾ ಬರೂದಿಲ್ಲ." ಅಷ್ಟೇ. ಸಿಟ್ಟಿಲ್ಲ, ಅಳುವಿಲ್ಲ. ಮೇ ತಿಂಗಳಲ್ಲಿ ಕುಮಾರಪಟ್ಟಣದಲ್ಲಿ ನನ್ನ ತಮ್ಮನ ಮಗನ ಮದುವೆ. ಅಣ್ಣನ ಮದುವೆಗೆಂದು ಸೀರೆ ತಂದಿಟ್ಟುಕೊಂಡಿದ್ದಳು. ಮೈಕ್ ನನ್ನದು ಎಂದು ಗೊತ್ತಾದ ಮೇಲೆ ಮನೆಯಲ್ಲೇ ಉಳಿದಳು. ಮದುವೆಯ ಮೈಕು ಬೇರೆಯವರಿಗೆ ಕೊಡಬಹುದಿತ್ತಲ್ಲ ರುದ್ರಮುನಿ, ಅಂತ ನೀವು ಕೇಳುತ್ತೀರಿ. ಕೊಡಬಹುದಿತ್ತು. ಕೊಡಲಿಲ್ಲ. ಮಗಳಿಗಿಂತ ಮೈಕ್ ದೊಡ್ಡದಾಯಿತೇ ಎಂದು ಸುಶೀಲವ್ವ ದಾರಿಯುದ್ದಕ್ಕೂ ಕೇಳಿದಳು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ನಾನು ಎಲ್ಲಿಗೆ ಬಂದಿದ್ದೆ? ದುರಗಪ್ಪನವರ ಪರಿಚಯ. ಹೌದು.

ಜನವರಿ ಇಪ್ಪತ್ತೇಳರಂದು ದುರಗಪ್ಪನವರು ಕರ್ಜಗಿಯಿಂದ ಬಂದರು. ನಾನು ಶೇಖಪ್ಪನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದೆ. ಯಾಕೆ ಬೈಯುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ, ಪಾಪ, ಅವನು ನನ್ನ ನಿಯಮವನ್ನೇ ಪಾಲಿಸಿದ್ದ. ದುರಗಪ್ಪನವರು ನಡುವೆ ಬಂದು, "ಅವಗ ಬೈಬ್ಯಾಡ್ರಿ ಸಾಹೇಬ್ರ. ತಪ್ಪ ನಂದು. ಹೋಗೂ ಮುಂದ ಅವಗ ಹೇಳಿ ಹೋಗಬೇಕಾಗಿತ್ತು" ಅಂದರು.

"ಏನಂತ ಹೇಳಿ?"

"ಅಂಥಾವ್ರು ಬಂದ್ರ ನಿಮಗ ತಿಳಸಬ್ಯಾಡ ಅಂತ."

ನನಗೆ ಅರ್ಥವಾಗಲಿಲ್ಲ. "ಅಂಥಾವ್ರು ಏಳ ತಿಂಗಳಿಂದ ಬಂದೇ ಇಲ್ಲಲ್ಲೋ!"

"ದಿನಾ ಬರತಾರ್ರೀ. ಐತ್ವಾರ ಏಳೆಂಟು ಮಂದಿ ಆಗತಾರ."

"ನನ್ನ ರಿಜಿಸ್ಟರಿನ್ಯಾಗ ಸೊನ್ನೆ ಐತಿ!"

"ಸೊನ್ನೆ ಇರಲ್ರಿ ಸಾಹೇಬ್ರ. ಮಂದಿ ಬರಲಿ."

ಸಭಿಕರೇ, ನನಗೆ ಸಿಟ್ಟು ನೆತ್ತಿಗೇರಿತು. ಏಳು ತಿಂಗಳು ನನಗೆ ಸುಳ್ಳು! ಮೆಮೊ ಕೊಡುತ್ತೇನೆಂದು ಕೂಗಾಡಿದೆ. ಅವರು, "ಕೊಡ್ರಿ. ಅದಕ್ಕ ಮೊದಲ ಒಂದ ಐತ್ವಾರ ಕೆಳಗ ಬಂದು ನನ್ನ ಕೂಡ ನಿಂದರ್ರಿ" ಅಂದರು. ಮೆಮೊ ಬರೆದು ಜೇಬಿನಲ್ಲಿಟ್ಟುಕೊಂಡೇ ಇದ್ದೆ, ಆದರೆ ಕೆಳಗೆ ಹೋಗುವ ಧೈರ್ಯ ಬರಲು ನಾಲ್ಕು ತಿಂಗಳು ಬೇಕಾಯಿತು. ಕುಮಾರಪಟ್ಟಣದ ಮದುವೆಯಾದ ಮರುವಾರದ ಭಾನುವಾರ, ಮೈಕಿನ ಕೋಣೆಗೆ ಬೀಗ ಹಾಕಿ ಇಳಿದೆ.

ದುರಗಪ್ಪನವರು ಇಪ್ಪತ್ತು ವರ್ಷ ಬ್ಯಾಡಗಿ ಪೇಟೆಯ ಅಂಗಳದಲ್ಲಿ ಮೆಣಸಿನಕಾಯಿ ಲಾರಿಗಳನ್ನು ಸಾಲಾಗಿ ಹಚ್ಚಿ ನಿಲ್ಲಿಸಿದವರು. ಯಾವ ಗಾಡಿಗೆ ಎಷ್ಟು ಜಾಗ ಬೇಕೆಂದು ಕಣ್ಣಳತೆಯಲ್ಲಿ ಹೇಳುತ್ತಾರೆ. ಗೇಟಿಗೆ ಹತ್ತಿರ, ಬೇವಿನ ಮರದ ಕೆಳಗೆ ಎಂಟು ಕಾರು ನಿಲ್ಲುವ ಜಾಗವಿದೆ. ಅಲ್ಲಿ ಹಗ್ಗ ಕಟ್ಟಿ ನಾಲ್ಕನ್ನೇ ನಿಲ್ಲಿಸುತ್ತಾರೆ. ಯಾಕೆ ಜಾಗ ಹಾಳು ಮಾಡುತ್ತೀ ಎಂದು ಕೇಳಿದರೆ, "ಬಾಗಲಾ ಪೂರಾ ತಗೀಬೇಕಲ್ರಿ" ಅಂದರು. ಬಾಗಿಲು ಪೂರ್ತಿ ತೆರೆಯದೆ ಇಳಿಯಲಾಗದವರು ಇರುತ್ತಾರೆಂಬುದು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ನೆನಪಿಡಿ, ನಾನು ಅಂಥವರ ತಂದೆ.

ಒಂದು ದೊಡ್ಡ ಕಾರು ಬಂತು. ಯಾರೋ ಮುಖಂಡರು, ಗಟ್ಟಿಮುಟ್ಟಾದವರು. ಮರದ ಕೆಳಗೇ ನಿಲ್ಲಿಸಬೇಕೆಂದರು. ದುರಗಪ್ಪನವರು ಕೈ ಮುಗಿದು, "ನಿಲ್ಲಸ್ರಿ ಯಜಮಾನ್ರ. ಆದ್ರ ಮ್ಯಾಲ ಕಾಗಿ ಭಾಳ ಕುಂದರತಾವ್ರಿ. ಹೊಸಾ ಗಾಡಿ..." ಅಂದರು. ಕಾರು ತಾನಾಗಿಯೇ ಮುಂದೆ ಹೋಯಿತು. ಹಿಂದೆಯೇ ಕುಪ್ಪೇಲೂರಿನ ಒಂದು ಟಂಟಂ ಆಟೋ. ಅದರಿಂದ ಮೊದಲು ಹೊರಗೆ ಬಂದದ್ದು ಪಾದವಲ್ಲ, ಒಂದು ಕೋಲಿನ ತುದಿ. ದುರಗಪ್ಪನವರು ನೋಡುವುದು ಅದನ್ನೇ. ಹಗ್ಗ ಸರಸರನೆ ಇಳಿಸಿ, "ಈ ಕಡೆ ನೆರಳೈತಿ, ಬರ್ರಿ" ಅಂದರು. ಮರ ಅದೇ, ಕಾಗೆಗಳೂ ಅವೇ. ಅವರಿಗೊಂದು ಮಾತು, ಇವರಿಗೊಂದು ಮಾತು.

ಇಳಿದವರು ಸಕೀನಾಬಿ ಎಂಬ ಹಿರಿಯರು, ನಾಲ್ವರು ಮೊಮ್ಮಕ್ಕಳ ಜೊತೆ. ಟಿಕೆಟ್ ಕೋಣೆಯ ಹಿಂದಿನಿಂದ ದುರಗಪ್ಪನವರು ಕುರ್ಚಿ ತಳ್ಳಿಕೊಂಡು ಬಂದರು. ಹೂವಿಲ್ಲ, ಬಲೂನಿಲ್ಲ. ಸಕೀನಾಬಿ ಅದನ್ನು ಕಂಡ ಕೂಡಲೇ, "ನನಗೇನಾಗೇತಿ? ನಾ ನಡೀತೇನಿ" ಎಂದು ಗದರಿದರು. ಇವರು, "ನಿಮಗಲ್ಲಬೇ, ಚೀಲಕ್ಕ. ಹೆಂಗೂ ಖಾಲಿ ಹೊಂಟೈತಿ, ಬುತ್ತಿ ಚೀಲ ಇಡ್ರಿ" ಅಂದರು. ಚೀಲ ಕುರ್ಚಿಯಲ್ಲಿ ಕುಳಿತಿತು. ಸಕೀನಾಬಿ ಕುರ್ಚಿಯ ಹಿಡಿಕೆ ಹಿಡಿದು ತಾವೇ ತಳ್ಳಿಕೊಂಡು ಹೊರಟರು. ಆಸರೆಯೂ ಆಯಿತು. ಮೆಟ್ಟಿಲ ಕಡೆಗಲ್ಲ, ಐಸ್‌ಕ್ರೀಮ್ ಗಾಡಿ ಒಳಗೆ ಹೋಗುವ ಇಳಿಜಾರಿನ ಕಡೆಗೆ. ನಾನು ಬೇಡವೆಂದ ಇಳಿಜಾರಿಗೆ ಬದಲಾಗಿ ಅವರು ಹುಡುಕಿಕೊಂಡ ದಾರಿ ಅದು. ಪುಟಾಣಿ ರೈಲಿನ ಹತ್ತಿರ ಹೋಗುವಷ್ಟರಲ್ಲಿ ಚೀಲ ಮೊಮ್ಮಗನ ಹೆಗಲಲ್ಲಿತ್ತು, ಸಕೀನಾಬಿ ಕುರ್ಚಿಯಲ್ಲಿದ್ದರು. ಯಾರೂ ತಿರುಗಿ ನೋಡಲಿಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ. ಸಂಜೆ ಐದರವರೆಗೆ ಇದ್ದು, ಎರಡು ಸಲ ರೈಲು ಹತ್ತಿ ಹೋದರು.

ಮೆಮೊ ಹರಿದು ಹಾಕಿದೆ. ದುರಗಪ್ಪನವರಿಗೆ ಒಂದು ಪ್ರಶ್ನೆ ಕೇಳಿದೆ: "ಅವತ್ತ ನೀನ ಇದ್ದಿದ್ರ ನನ್ನ ಮಗಳಿಗೆ ಏನಂತಿದ್ದೀ?" ಅವರು, "ಏನೂ ಅಂತಿರಲಿಲ್ಲರಿ. ಹಗ್ಗ ಇಳಸ್ತಿದ್ದೆ" ಅಂದರು.

ಅವತ್ತಿನಿಂದ... ಕ್ಷಮಿಸಿ. ಒಂದು ನಿಮಿಷ. ನೀರು ಕುಡಿಯುತ್ತೇನೆ.

ಹಾಂ. ಅವತ್ತಿನಿಂದ ಗೇಟಿನ ಮೈಕಿನಲ್ಲಿ ಯಾರ ಆಗಮನವನ್ನೂ ಘೋಷಿಸುವುದಿಲ್ಲ. ರೈಲಿನ ಸಮಯ, ತಪ್ಪಿಸಿಕೊಂಡ ಮಕ್ಕಳು, ಅಷ್ಟೇ. ಇಳಿಜಾರು ಕಟ್ಟಿಸಿದ್ದೇವೆ. ಈ ಸಭಾಂಗಣದ ಪಕ್ಕದ ಬಾಗಿಲಿಗೂ ಕಟ್ಟಿಸಿದ್ದೇವೆ. ನಾನು ಐತ್ವಾರ ಮೇಲಿನ ಕೋಣೆ ಬಿಟ್ಟು ದುರಗಪ್ಪನವರ ಕೈಕೆಳಗೆ ಹಗ್ಗ ಹಿಡಿಯುತ್ತೇನೆ. ಆ ಕೆಲಸ ನನಗೆ ಇನ್ನೂ ಪೂರ್ತಿ ಬಂದಿಲ್ಲ. ಮೊನ್ನೆ ಕೂಡ ಒಬ್ಬ ಅಜ್ಜನಿಗೆ ಬಾಯಿತಪ್ಪಿ "ಸುಸ್ವಾಗತ" ಎಂದು ಕೂಗಿಬಿಟ್ಟೆ. ದುರಗಪ್ಪನವರು ನನ್ನ ಕಾಲು ತುಳಿದರು.

ಕಳೆದ ವಾರ ಈ ಸನ್ಮಾನ ನಿಶ್ಚಯವಾದಾಗ ನನಗೆ ತೊಡಕಾಯಿತು. ಆ ಜನವರಿಯನ್ನು ಹೇಳದೆ ದುರಗಪ್ಪನವರ ಗುಣ ಹೇಗೆ ಹೇಳುವುದು? ಜೀವಮಾನದಲ್ಲಿ ಮೊದಲ ಸಲ ಮಗಳ ಮುಂದೆ ನಿಂತು, ಮೈಕಿನಲ್ಲಿ ಹೇಳಲೇ ಎಂದು ಅಪ್ಪಣೆ ಕೇಳಿದೆ. ಆಕೆ, "ಹೇಳು. ನಿಂದು ಹೇಳು, ನಂದು ಹೇಳಬ್ಯಾಡ" ಅಂದಳು. ಒಂದೆರಡು ಕಡೆ ತಪ್ಪಿದ್ದೇನೆ, ನೀವು ಸಾಕ್ಷಿ. ಅದಕ್ಕೆ ಮನೆಯಲ್ಲಿ ಕ್ಷಮೆ ಕೇಳುತ್ತೇನೆ. "ನೀ ಬರತೀಯೇನವಾ?" ಎಂದು ಕೇಳಿದೆ. "ನೋಡೂಣು. ಬಂದ್ರೂ, ಬಂದಾಳ ಅಂತ ನೀ ಹೇಳಬಾರದು. ಹೇಳದ ಇರಾಕ ಆಗತೈತೇನ ನಿನಗ?" ಅಂದಳು. ನಾನು ಆಗತೈತಿ ಅಂದೆ. ಆಕೆ ನಂಬಲಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಮೈಕ್ ಹಿಡಿದ ಕಡೆ ಕಾಲಿಡದವಳು, ಯಾಕೆ ನಂಬಬೇಕು?

ನೋಡಿ, ಈಗಲೇ ನಿಮ್ಮಲ್ಲಿ ಕೆಲವರು ಕತ್ತು ತಿರುಗಿಸುತ್ತಿದ್ದೀರಿ. ದಯವಿಟ್ಟು ಮುಂದೆ ನೋಡಿ. ಇಲ್ಲಿ ನೋಡಲು ದುರಗಪ್ಪನವರಿದ್ದಾರೆ, ಗುತ್ತೆವ್ವನವರಿದ್ದಾರೆ. ಅವರಿಗೆ ಶಾಲು ಹೊದಿಸುವಾಗ ನಿಮ್ಮ ಕೈಯಲ್ಲಿರುವ ಚಪ್ಪಾಳೆಯನ್ನೆಲ್ಲ ಅವರಿಗೇ ಕೊಡಿ. ಅವರ ಕೆಲಸಕ್ಕೆ ಕೊಡಿ.

ನನ್ನ ಮಗಳು ಬಂದಿದ್ದಾಳೆಯೇ, ಇಲ್ಲವೇ? ಹೇಳುವುದಿಲ್ಲ. ಆಗಲೇ ಮಾತಿನ ನಡುವೆ ಯಾಕೆ ತಡವರಿಸಿದೆ, ನೀರು ಯಾಕೆ ಕುಡಿದೆ? ಅದನ್ನೂ ಹೇಳುವುದಿಲ್ಲ. ಸಾವಿರಾರು ಹೆಸರು ಕೂಗಿದ ಗಂಟಲಿದು. ಅದರಲ್ಲಿ ಈಗ ಒಂದು ಹೆಸರು ಬಂದು ನಿಂತಿದೆ, ನುಂಗಿಕೊಳ್ಳುತ್ತಿದ್ದೇನೆ. ಇಷ್ಟು ಸಿಹಿಯಾದ ಹೆಸರನ್ನು ನಾನು ಹಿಂದೆಂದೂ ಹೇಳದೆ ಬಿಟ್ಟಿರಲಿಲ್ಲ. ಇವತ್ತು ನನಗೆ ಬಹಳ ಸಂತೋಷವಾಗಿದೆ ಎಂದಷ್ಟೇ ಹೇಳಲು ಅಧ್ಯಕ್ಷರ ಅಪ್ಪಣೆ ಬೇಡುತ್ತೇನೆ. ಎರಡು ನಿಮಿಷ ಮೀರಿದರೂ ಕರೆಂಟ್ ತೆಗೆಸದೆ ಇದ್ದುದಕ್ಕೆ ಅವರಿಗೆ, ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆ, ಬಂದ ಎಲ್ಲರಿಗೂ, ಯಾರ ಹೆಸರನ್ನೂ ಹೇಳದೆ, ವಂದನೆ. ನಮಸ್ಕಾರ.